ನೋಡಿದ ಊರು, ನೆಲಸಿದ ಊರು: ಹೊರನಾಡಿನ ಬರಹಗಳನ್ನು ಕುರಿತು

೧

ಕನ್ನಡದಲ್ಲಿ ಪ್ರವಾಸಕಥನಕ್ಕೆ ಒಂದು ಗೌರವದ ಸ್ಥಾನವುಂಟು. ದೂರದೇಶಕ್ಕೆ ಹೋದವರು ಕೆಲವರು, ಹೋಗಲಾರದವರು ಬಹಳ ಮಂದಿ. ಆದುದರಿಂದ ಹೋದವನು ತಾನು ಕಂಡುದನ್ನು ಬಂದು ಹೇಳುವುದು ಒಂದು ಬಗೆಯ ಋಣಸಂದಾಯವೆಂದೇ ನಮ್ಮ ಹಿರಿಯ ಲೇಖಕರು ಭಾವಿಸಿದ್ದರು. ಆದರೆ ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಹೋಗುವವನೇ ಬೇರೆಯಾಗಿದ್ದಾನೆ. ಇಂದು ಐರೋಪ್ಯ ಮಹಾನಗರಗಳಿಗೆ ಕನ್ನಡನಾಡಿನಿಂದ ತೆರಳುವವರಲ್ಲಿ ಸಾಫ್ಟ್‌ವೇರ್ ಎಂಜಿನಿಯರರು ಬಹುಮಂದಿ. ಅವರು ವಿದ್ಯಾರ್ಥಿಗಳಲ್ಲ, ಅತಿಥಿಗಳೂ ಅಲ್ಲ. ನೇಮಕದ ಪತ್ರವನ್ನು ಕೈಯಲ್ಲಿ ಹಿಡಿದು ಮನೆ ಹೂಡಲು ಹೋಗುವವರು. ಅವರೂ ಬರೆಯುತ್ತಾರೆ. ವಾರದ ಪುರವಣಿಗಳಲ್ಲಿ, ದೀಪಾವಳಿಯ ವಿಶೇಷಾಂಕಗಳಲ್ಲಿ, ಹೊರನಾಡ ಕನ್ನಡ ಸಂಘಗಳ ಸ್ಮರಣಸಂಚಿಕೆಗಳಲ್ಲಿ ಅವರ ಲೇಖನಗಳು ಬರುತ್ತಲೇ ಇವೆ. ನಮ್ಮ ಮನೆಗಳಲ್ಲಿ ಅವನ್ನು ಆದರದಿಂದ ಓದುತ್ತೇವೆ. ಮಗನೋ ಮಗಳೋ ಸೊಸೆಯೋ ಹೊರನಾಡಿನಲ್ಲಿರುವ ಮನೆಗಳು ಈಗ ನಮ್ಮ ನಡುವೆ ಅಪರೂಪವಲ್ಲ. ಆದರೆ ಆದರದಿಂದ ಓದುವುದು ಬೇರೆ, ತೂಗಿ ನೋಡುವುದು ಬೇರೆ. ಈ ಎರಡನೆಯ ಕಾರ್ಯಕ್ಕೆ ಕಾಲ ಒದಗಿದೆಯೆಂದು ನಮಗೆ ತೋರುತ್ತದೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಲೇಸು. ಈ ಬರಹಗಳ ಭಾಷೆ ಸಾಮಾನ್ಯವಾಗಿ ಶುದ್ಧವಾಗಿಯೇ ಇದೆ, ಉತ್ಸಾಹಕ್ಕೆ ಕೊರತೆಯಿಲ್ಲ, ವಾಚಕನನ್ನು ವಂಚಿಸುವ ಉದ್ದೇಶವಂತೂ ಇಲ್ಲವೇ ಇಲ್ಲ. ಆದರೂ ಬರೆದವನ ಬಾಳು ಅವುಗಳೊಳಗೆ ಬರುವುದಿಲ್ಲ. ಇದಕ್ಕೆ ಕಾರಣವೇನೆಂದರೆ, ನೆಲಸುವವನ ಬಾಳನ್ನು ಅವರು ನೋಡುವವನ ಗದ್ಯದಲ್ಲಿ ಬರೆಯುತ್ತಿದ್ದಾರೆ. ಅಚ್ಚು ಹಳೆಯದು, ಎರಕ ಹೊಸದು. ಅಚ್ಚಿಗೆ ಒಗ್ಗದ ಭಾಗವೆಲ್ಲ ಹೊರಗೆ ಚೆಲ್ಲಿಹೋಗುತ್ತಿದೆ. ಹಾಗೆ ಚೆಲ್ಲಿದುದರಲ್ಲಿಯೇ ಸಾರವಿರುವುದು.

೨

ಆ ಅಚ್ಚು ಕೀಳಾದುದೆಂದು ಯಾರೂ ತಿಳಿಯಬಾರದು. ಮೂವತ್ತರ ದಶಕದಲ್ಲಿ ಆಕ್ಸ್‌ಫರ್ಡಿಗೆ ಓದಲು ಹೋದ ವಿ. ಕೃ. ಗೋಕಾಕರು 'ಸಮುದ್ರದಾಚೆಯಿಂದ' ಬರೆದರು. ಶಿವರಾಮ ಕಾರಂತರು ಯುರೋಪನ್ನು ಸುತ್ತಿ 'ಅಪೂರ್ವ ಪಶ್ಚಿಮ'ವನ್ನು ಕೊಟ್ಟರು. ಇಂತಹ ಕೃತಿಗಳಿಂದ ಕನ್ನಡ ಗದ್ಯದ ಕಣ್ಣು ತೆರೆಯಿತು. ಪರದೇಶದ ಬೀದಿ, ಚಿತ್ರಶಾಲೆ, ರಂಗಮಂದಿರ, ಜನರ ನಡೆನುಡಿ ಇವುಗಳನ್ನು ಕಂಡು, ನಮ್ಮದರೊಡನೆ ಹೋಲಿಸಿ, ಮೆಚ್ಚಬೇಕಾದುದನ್ನು ಮೆಚ್ಚಿ, ಅಲ್ಲಗಳೆಯಬೇಕಾದುದನ್ನು ಅಲ್ಲಗಳೆಯುವ ಧೈರ್ಯವನ್ನು ನಮ್ಮ ಗದ್ಯ ಅಲ್ಲಿ ಕಲಿಯಿತು. ಆದರೆ ಈ ಬಗೆಯ ಬರಹದ ಬುನಾದಿಯೊಂದುಂಟು: ಲೇಖಕನು ಹಿಂದಿರುಗುವುದು ನಿಶ್ಚಿತ. ಹಿಂದಿರುಗುವವನಿಗೆ ಪರದೇಶವು ನೋಟ. ಅದರಿಂದ ಅವನ ಮನೆ, ಮತ, ಮಕ್ಕಳ ಮಾತು ಯಾವುದೂ ಅಲುಗುವುದಿಲ್ಲ. ಅವನ ಹೋಲಿಕೆಗಳಿಗೆ ಬಲ ಬರುವುದೂ ಆ ನಿಶ್ಚಯದಿಂದಲೇ; ನಿಲ್ಲುವ ನೆಲ ಗಟ್ಟಿಯಾಗಿದ್ದವನು ಮಾತ್ರ ತಕ್ಕಡಿಯನ್ನು ಅಲುಗದೆ ಹಿಡಿಯಬಲ್ಲನು.

ಎರಡನೆಯ ಮಾದರಿಯೊಂದು ಅರುವತ್ತರ ದಶಕದಲ್ಲಿ ಬಂದಿತು. ಯು. ಆರ್. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆಗೆ ನಿಂತಿದ್ದಾಗ 'ಸಂಸ್ಕಾರ'ವನ್ನು ಬರೆದರು. ಅದು ೧೯೬೫ರಲ್ಲಿ ಪ್ರಕಟವಾಯಿತು. ಬರ್ಗ್‌ಮನ್ನರ ಸ್ವೀಡಿಷ್ ಚಲನಚಿತ್ರವೊಂದನ್ನು ಅಡಿಬರಹಗಳಿಲ್ಲದೆ ನೋಡಿದುದು ಆ ಕೃತಿಗೆ ಪ್ರಚೋದನೆಯಾಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಅರ್ಥವಾಗದ ಭಾಷೆಯೊಂದು ಲೇಖಕನನ್ನು ತನ್ನ ಭಾಷೆಯ ಆಳಕ್ಕೆ ಅಟ್ಟಿತು. ಕಾದಂಬರಿಯಲ್ಲಿ ಬರ್ಮಿಂಗ್‌ಹ್ಯಾಮಿನ ಸುಳಿವೇ ಇಲ್ಲ. ಇರುವುದು ಮಲೆನಾಡಿನ ಒಂದು ಅಗ್ರಹಾರ. ಹೀಗೆ ಮೊದಲನೆಯ ಮಾದರಿಯಲ್ಲಿ ಲೇಖಕನು ಇಲ್ಲಿ ನಿಂತು ಅಲ್ಲಿಯದನ್ನು ನೋಡುತ್ತಾನೆ. ಎರಡನೆಯದರಲ್ಲಿ ಅಲ್ಲಿ ನಿಂತು ಇಲ್ಲಿಯದನ್ನು ನೋಡುತ್ತಾನೆ. ಅಲ್ಲಿಯೇ ನಿಂತು ಅಲ್ಲಿಯ ತನ್ನ ಬಾಳನ್ನೇ ನೋಡುವ ಮೂರನೆಯ ಮಾದರಿ ನಮ್ಮಲ್ಲಿ ಇನ್ನೂ ಬಲಿತಿಲ್ಲ.

ಇಂದಿನ ಎಂಜಿನಿಯರ್ ಲೇಖಕರು ಈ ಎರಡು ಮಾದರಿಗಳನ್ನೂ ಅರೆಬರೆಯಾಗಿ ಎರವಲು ಪಡೆದಿದ್ದಾರೆ. ಲೇಖನದ ಪೂರ್ವಾರ್ಧದಲ್ಲಿ ಬ್ರಾಂಡೆನ್‌ಬುರ್ಗ್ ದ್ವಾರ, ಕೆಡವಿದ ಗೋಡೆಯ ಉಳಿದ ತುಂಡು, ಮೊದಲ ಹಿಮಪಾತ. ಉತ್ತರಾರ್ಧದಲ್ಲಿ ಅಮ್ಮನ ಕೈಯ ಸಾರು, ಊರ ಜಾತ್ರೆ, ಮಳೆಗೆ ಏಳುವ ಮಣ್ಣಿನ ವಾಸನೆ. ಇವೆರಡರ ನಡುವೆ, ವಾರಕ್ಕೆ ಐದು ದಿನ, ವರ್ಷಕ್ಕೆ ಹನ್ನೊಂದು ತಿಂಗಳು ಆ ಮನುಷ್ಯ ಏನು ಮಾಡಿದನು, ಎಲ್ಲಿ ಮಲಗಿದನು, ಯಾರಿಗೆ ಅಂಜಿದನು, ಯಾರೊಡನೆ ಮಾತನಾಡಿದನು ಎಂಬುದು ಮಾತ್ರ ವಾಚಕನಿಗೆ ತಿಳಿಯುವುದಿಲ್ಲ.

೩

ಹಾಗಾದರೆ ಹೊರಗುಳಿದುದೇನು? ಬರ್ಲಿನ್ ನಗರವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಜರ್ಮನಿಯು ಹೊರಗಿನ ಕಂಪ್ಯೂಟರ್ ತಜ್ಞರಿಗೆ ಮೊದಲು ಬಾಗಿಲು ತೆರೆದುದು ೨೦೦೦ದ ಆಗಸ್ಟಿನಲ್ಲಿ. ೨೦,೦೦೦ ಮಂದಿಯ ಮಿತಿಯಿಟ್ಟು 'ಗ್ರೀನ್ ಕಾರ್ಡ್' ಎಂಬ ಹೆಸರಿನಲ್ಲಿ ಅವಕಾಶ ಕೊಟ್ಟಿತು. ೨೦೧೨ರಿಂದ ಐರೋಪ್ಯ ಒಕ್ಕೂಟದ 'ನೀಲಿ ಕಾರ್ಡ್' ಬಂದಿತು. ೨೦೨೦ರ ಮಾರ್ಚಿನಲ್ಲಿ ನುರಿತ ಕೆಲಸಗಾರರ ವಲಸೆಯ ಕಾಯಿದೆ ಜಾರಿಯಾಯಿತು. ೨೦೨೩ರ ನವೆಂಬರಿನಲ್ಲಿ ನೀಲಿ ಕಾರ್ಡಿನ ನಿಬಂಧನೆಗಳು ಸಡಿಲವಾದುವು. ಇವು ಒಣ ವಿವರಗಳೆಂದು ಓದುಗರಿಗೆ ತೋರಬಹುದು. ಆದರೆ ಈ ಕಾಯಿದೆಗಳ ಅಡಿಯಲ್ಲಿ ಬಾಳುವವನಿಗೆ ಇವು ಗ್ರಹಗತಿಯಂತೆ. ಅವನ ಇರವಿನ ಅನುಮತಿ ಅವನ ನೌಕರಿಗೆ ಕಟ್ಟಿಕೊಂಡಿದೆ. ನೌಕರಿ ಹೋದರೆ ಅದನ್ನು ಅಧಿಕಾರಿಗಳಿಗೆ ತಿಳಿಸಬೇಕು. ಹೊಸದನ್ನು ಹುಡುಕಿಕೊಳ್ಳಲು ದೊರೆಯುವ ಅವಧಿ ತಿಂಗಳುಗಳ ಲೆಕ್ಕದ್ದು. ಊರಿಗೆ ದೂರವಾಣಿಯಲ್ಲಿ 'ಎಲ್ಲ ಚೆನ್ನಾಗಿದೆ' ಎನ್ನುವ ಧ್ವನಿಯ ಹಿಂದೆ ಈ ಗಡುವು ನಿಂತಿರಬಹುದು. ಭಯಾನಕ ರಸಕ್ಕೆ ಕಾಡೂ ಶ್ಮಶಾನವೂ ಬೇಕಾಗಿಲ್ಲ. ಒಂದು ತಾರೀಖು ಸಾಕು.

ಇನ್ನು ಮನೆ. ಹೊಸ ಮನೆಗೆ ಹೋದ ಎರಡು ವಾರಗಳೊಳಗೆ ಪೌರಕಚೇರಿಯಲ್ಲಿ ವಿಳಾಸವನ್ನು ನೋಂದಾಯಿಸಬೇಕು. ಅದಕ್ಕೆ ಮನೆ ಕೊಟ್ಟವನ ಒಪ್ಪಿಗೆಯ ಚೀಟಿ ಬೇಕು. ಆನ್‌ಮೆಲ್ಡುಂಗ್ ಎಂಬ ಈ ನೋಂದಣಿಯಾಗದಿದ್ದರೆ ತೆರಿಗೆಯ ಸಂಖ್ಯೆ ಮೊದಲ್ಗೊಂಡು ಮುಂದಿನ ಎಷ್ಟೋ ಕೆಲಸಗಳು ತಡೆಯುತ್ತವೆ. ಬಾಡಿಗೆಗೆ ಮನೆ ಸಿಗುವುದೇ ಅಲ್ಲಿ ಒಂದು ತಪಸ್ಸು. ಒಂದೇ ಮನೆಗೆ ಅನೇಕರು ಅರ್ಜಿ ಹಾಕುತ್ತಾರೆ. ಸಂಬಳದ ರಸೀತಿಗಳನ್ನೂ ಸಾಲದ ನಡತೆಯ ಪತ್ರವನ್ನೂ ಒಪ್ಪಿಸಿ ಕಾಯುತ್ತಾರೆ. ಮೂರು ತಿಂಗಳ ಬಾಡಿಗೆಯವರೆಗೆ ಠೇವಣಿ ಇಡಬೇಕಾಗುವುದು. ಬಾಡಿಗೆಯಲ್ಲಿಯೂ ಎರಡು ಬಗೆ: ಬರಿಯ ಗೋಡೆ ಸೂರುಗಳಿಗೆ ಸಲ್ಲುವುದು 'ತಣ್ಣನೆಯ ಬಾಡಿಗೆ', ಕಾಯಿಸುವ ವೆಚ್ಚ ಮೊದಲಾದುವು ಸೇರಿದರೆ 'ಬೆಚ್ಚನೆಯ ಬಾಡಿಗೆ'. ಜರ್ಮನ್ ಭಾಷೆಯ ನಿತ್ಯವ್ಯವಹಾರದಲ್ಲಿಯೇ ಹುದುಗಿರುವ ಈ ರೂಪಕವನ್ನು ಕನ್ನಡ ಲೇಖಕನೊಬ್ಬನು ಎತ್ತಿಕೊಂಡಿದ್ದರೆ ಎಷ್ಟು ದೂರ ಹೋಗಬಹುದಾಗಿತ್ತು! ಅನೇಕ ಮನೆಗಳಲ್ಲಿ ಅಡಿಗೆಯ ಕೋಣೆ ಬರಿದಾಗಿರುತ್ತದೆ. ಹಿಂದಿನ ಬಾಡಿಗೆದಾರನು ಒಲೆ, ತೊಟ್ಟಿ, ಕಪಾಟುಗಳನ್ನು ಬಿಚ್ಚಿಕೊಂಡು ಹೋಗಿರುತ್ತಾನೆ. ಗೃಹಪ್ರವೇಶವೆಂದರೆ ಹಾಲು ಉಕ್ಕಿಸುವುದೆಂದು ಬಲ್ಲ ದಂಪತಿಗಳು ಒಲೆಯೇ ಇಲ್ಲದ ಮನೆಯನ್ನು ಪ್ರವೇಶಿಸುವ ಆ ಸಂಜೆಯಲ್ಲಿ ಹಾಸ್ಯವೂ ಕರುಣೆಯೂ ಒಟ್ಟಿಗೆ ಇವೆ. ಹಿಮಪಾತದ ವರ್ಣನೆಗಳು ನಮಗೆ ಸಾಕಷ್ಟು ದೊರೆತಿವೆ; ಈ ಸಂಜೆಗಾಗಿ ನಾವು ಕಾದಿದ್ದೇವೆ.

ಜೊತೆಯಲ್ಲಿ ಹೋದ ಹೆಂಡತಿಯ ಅಥವಾ ಗಂಡನ ವಿಷಯ ಇನ್ನೂ ಮೌನದಲ್ಲಿದೆ. ನೀಲಿ ಕಾರ್ಡು ಪಡೆದವರ ಸಂಗಾತಿಗೆ ದುಡಿಯುವ ಹಕ್ಕನ್ನು ಕಾಯಿದೆ ಕೊಡುತ್ತದೆ. ಜರ್ಮನ್ ಬರಲೇಬೇಕೆಂದು ಬಾಗಿಲಲ್ಲಿ ತಡೆಯುವುದಿಲ್ಲ. ಆದರೆ ಶಿಕ್ಷಕಿಯಾಗಲಿ ವಕೀಲೆಯಾಗಲಿ ಜರ್ಮನ್ ಇಲ್ಲದೆ ಅಲ್ಲಿ ತನ್ನ ವೃತ್ತಿಯನ್ನು ನಡೆಸುವುದು ಹೇಗೆ? ಡಿಸೆಂಬರಿನ ನಡುವೆ ಬರ್ಲಿನ್ನಿನಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಹಗಲೆಲ್ಲ ಮನೆಯಲ್ಲಿ ಒಬ್ಬಳೇ ಇರುವ, ಓದಿದ ಹೆಣ್ಣುಮಗಳಿಗೆ ಆ ನಾಲ್ಕು ಗಂಟೆ ಹೇಗಿರುವುದೆಂಬುದನ್ನು ಅವಳೇ ಬರೆಯಬೇಕು. ಗಂಡನ ಲೇಖನದ ಒಂದು ವಾಕ್ಯದಲ್ಲಿ ಅದು ಮುಗಿಯತಕ್ಕದ್ದಲ್ಲ.

೪

ಎಲ್ಲಕ್ಕಿಂತ ಆಶ್ಚರ್ಯದ ಮೌನವೆಂದರೆ ಕೆಲಸವನ್ನು ಕುರಿತದ್ದು. ಯಾವ ಕೆಲಸಕ್ಕಾಗಿ ಸಮುದ್ರವನ್ನು ದಾಟಿದನೋ ಆ ಕೆಲಸದ ಪ್ರಸ್ತಾಪವೇ ಲೇಖನದಲ್ಲಿ ಇಲ್ಲ. 'ಆಫೀಸಿನ ಗಡಿಬಿಡಿ' ಎಂಬ ಎರಡು ಮಾತಿನಲ್ಲಿ ಅದು ಕಳೆದುಹೋಗುತ್ತದೆ. ಓದುಗರಿಗೆ ತಿಳಿಯದೆಂಬ ಸಂಕೋಚ ಇದಕ್ಕೆ ಕಾರಣವಿರಬಹುದು. ಆ ಸಂಕೋಚಕ್ಕೆ ಆಧಾರವಿಲ್ಲ. ನೇಯ್ಗೆ, ಕುಂಬಾರಿಕೆ, ಬೇಸಾಯಗಳ ಒಳಮರ್ಮವನ್ನು ತಿಳಿಯದ ವಾಚಕರೂ ಅವುಗಳ ಕಥೆಗಳನ್ನು ಆಸಕ್ತಿಯಿಂದ ಓದಿದ್ದಾರೆ. ಸಾಫ್ಟ್‌ವೇರ್ ಕೆಲಸವೂ ಅಷ್ಟೇನೂ ಅಪರಿಚಿತವಾದುದಲ್ಲ. ಅದರ ಬಹುಭಾಗ ಹೊಸದನ್ನು ಕಟ್ಟುವುದಲ್ಲ. ಎಂದೋ ಕೆಲಸ ಬಿಟ್ಟುಹೋದವನು ಬರೆದಿಟ್ಟ ಕ್ರಮವಿಧಿಯನ್ನು ಓದಿ, ಅವನ ಮನಸ್ಸಿನಲ್ಲಿದ್ದುದೇನೆಂದು ಊಹಿಸಿ, ತಪ್ಪಿದಲ್ಲಿ ತಿದ್ದುವುದು. ನಮ್ಮ ಗ್ರಂಥಸಂಪಾದಕರು ಓಲೆಗರಿಗಳನ್ನು ಮುಂದಿಟ್ಟುಕೊಂಡು ಲಿಪಿಕಾರನ ಕೈತಪ್ಪು ಯಾವುದು, ಕವಿಯ ಪಾಠ ಯಾವುದು ಎಂದು ನಿರ್ಣಯಿಸುವಂತೆಯೇ ಇದೂ. ತಿದ್ದಿದುದನ್ನು ಜೊತೆಗಾರರು ಸಾಲುಸಾಲಾಗಿ ಪರೀಕ್ಷಿಸಿ ಟಿಪ್ಪಣಿ ಬರೆಯುತ್ತಾರೆ. ಅಲ್ಲಿ ಮಾನವೂ ಉಂಟು, ಅವಮಾನವೂ ಉಂಟು. ಸಾಫ್ಟ್‌ವೇರ್ ವೃತ್ತಿಯಲ್ಲಿದ್ದು ಬರೆದ ವಸುಧೇಂದ್ರರು ಆ ಪ್ರಪಂಚದ ಜನರನ್ನು ಕನ್ನಡ ಕಥೆ ಪ್ರಬಂಧಗಳೊಳಕ್ಕೆ ತಂದಿದ್ದಾರೆ. ಬೆಂಗಳೂರಿನಲ್ಲಿ ಸಾಧ್ಯವಾದುದು ಬರ್ಲಿನ್ನಿನಲ್ಲಿ ಸಾಧ್ಯವಾಗಬಾರದೇಕೆ?

ಕೆಲಸಗಾರನ ವಲಸೆಯಿಂದ ಸಾಹಿತ್ಯ ಹುಟ್ಟಬಹುದೆಂಬುದಕ್ಕೆ ಬರ್ಲಿನ್ನೇ ಸಾಕ್ಷಿಯಾಗಿದೆ. ೧೯೬೧ರಲ್ಲಿ ಪಶ್ಚಿಮ ಜರ್ಮನಿಯು ತುರ್ಕಿಯೊಡನೆ ಒಪ್ಪಂದ ಮಾಡಿಕೊಂಡು ಕೂಲಿಗಾರರನ್ನು ಕರೆಯಿತು. ೧೯೬೫ರಲ್ಲಿ ಹಾಗೆ ಬಂದವರಲ್ಲಿ ಎಮಿನೆ ಸೆವ್ಗಿ ಓಜ್ದಮರ್ ಎಂಬ ಹರೆಯದ ಹೆಣ್ಣುಮಗಳೊಬ್ಬಳು. ಜರ್ಮನ್ ಬಾರದೆ ಬಂದು ಬರ್ಲಿನ್ನಿನ ಕಾರ್ಖಾನೆಯೊಂದರಲ್ಲಿ ದುಡಿದವಳು. ಮುಂದೆ ಆಕೆ ಜರ್ಮನ್ ಭಾಷೆಯಲ್ಲಿಯೇ ಬರೆದರು. ೧೯೯೮ರಲ್ಲಿ ಬಂದ ಆಕೆಯ ಕಾದಂಬರಿ 'ಡೀ ಬ್ರ್ಯೂಕೆ ಫೊಮ್ ಗೋಲ್ಡೆನೆನ್ ಹೋರ್ನ್'ನಲ್ಲಿ ಕೆಲಸಗಿತ್ತಿಯರ ವಸತಿಗೃಹವಿದೆ, ರೇಡಿಯೋ ದೀಪಗಳನ್ನು ತಯಾರಿಸುವ ಕಾರ್ಖಾನೆಯಿದೆ, ವೃತ್ತಪತ್ರಿಕೆಯ ತಲೆಬರಹಗಳನ್ನು ಅರ್ಥ ತಿಳಿಯದೆ ಬಾಯಿಪಾಠ ಮಾಡುತ್ತ ಭಾಷೆಯನ್ನು ಹಿಡಿಯುವ ಹುಡುಗಿಯಿದ್ದಾಳೆ. ೧೯೯೦ರ ಕಥಾಸಂಕಲನಕ್ಕೆ ಆಕೆ ಇಟ್ಟ ಹೆಸರು 'ಮುಟರ್‌ತ್ಸುಂಗೆ'. ಜರ್ಮನ್ನಿನಲ್ಲಿ ಮಾತೃಭಾಷೆಗೆ ರೂಢಿಯಲ್ಲಿರುವ ಪದ ಅದಲ್ಲ. ಅದರ ಅಕ್ಷರಾರ್ಥ ತಾಯಿಯ ನಾಲಗೆ. ತುರ್ಕಿಯಲ್ಲಿ ನಾಲಗೆಗೂ ನುಡಿಗೂ ಒಂದೇ ಪದ. ಅದನ್ನು ಹಾಗೆಯೇ ಜರ್ಮನ್ನಿಗೆ ಇಳಿಸಿ, ಎರಡು ಭಾಷೆಗಳೂ ಒಂದನ್ನೊಂದು ತಾಕುವಂತೆ ಮಾಡಿದರು. ೨೦೨೨ರಲ್ಲಿ ಆಕೆಗೆ ಜರ್ಮನ್ ಸಾಹಿತ್ಯದ ಶ್ರೇಷ್ಠ ಗೌರವಗಳಲ್ಲೊಂದಾದ ಬ್ಯೂಶ್ನರ್ ಬಹುಮಾನ ದೊರೆಯಿತು.

ಆ ಕಾರ್ಖಾನೆಯ ಹುಡುಗಿಗೂ ನಮ್ಮ ಎಂಜಿನಿಯರನಿಗೂ ಸಂಬಳದಲ್ಲಿ ಅಂತರವುಂಟು, ಸೌಕರ್ಯದಲ್ಲಿ ಅಂತರವುಂಟು. ಆದರೆ ಮುಖ್ಯವಾದ ಅಂತರ ಬೇರೆ. ಆಕೆಗೆ ಜರ್ಮನ್ ಕಲಿಯದೆ ಗತಿಯಿರಲಿಲ್ಲ. ಇವನಿಗೆ ಕಲಿಯದೆಯೂ ನಡೆಯುತ್ತದೆ. ಕಚೇರಿಯ ವ್ಯವಹಾರವೆಲ್ಲ ಇಂಗ್ಲಿಷಿನಲ್ಲಿ. ಗೆಳೆಯರು ಭಾರತೀಯರು, ಇಲ್ಲವೆ ಇವನಂತೆಯೇ ಹೊರಗಿನಿಂದ ಬಂದವರು. ಹೀಗೆ ಜರ್ಮನರ ನಗರದಲ್ಲಿ ಇಂಗ್ಲಿಷಿನ ದ್ವೀಪವೊಂದರಲ್ಲಿ ಕನ್ನಡಿಗನೊಬ್ಬನು ಹತ್ತು ವರ್ಷ ಕಳೆಯಬಹುದು. ಕಾಯಿದೆ ಭಾಷೆಗೆ ಒಂದು ಬೆಲೆಯನ್ನೇನೋ ಕಟ್ಟಿದೆ. ನೀಲಿ ಕಾರ್ಡಿನವನು ಜರ್ಮನ್ನಿನ ಮೊದಲ ಪಾಠಗಳನ್ನಷ್ಟೇ ಬಲ್ಲವನಾದರೆ ೨೭ ತಿಂಗಳಿಗೆ, ಮಧ್ಯಮ ಪರೀಕ್ಷೆಯನ್ನು ಮುಗಿಸಿದವನಾದರೆ ೨೧ ತಿಂಗಳಿಗೆ ಖಾಯಂ ನೆಲಸುವ ಅನುಮತಿಗೆ ಅರ್ಹನಾಗುತ್ತಾನೆ. ಎಂದರೆ ಸರಕಾರದ ಲೆಕ್ಕದಲ್ಲಿ ಭಾಷೆಯ ಬೆಲೆ ಆರು ತಿಂಗಳು. ಲೇಖಕನ ಲೆಕ್ಕ ಇದಕ್ಕಿಂತ ಬೇರೆಯಾಗಿರಬೇಕು.

ಒಂದು ನಿದರ್ಶನವನ್ನು ಕೊಡಬಹುದು. ೨೦೦೦ದಲ್ಲಿ ಗ್ರೀನ್ ಕಾರ್ಡಿನ ಮಾತು ಹೊರಟಾಗ, ಒಂದು ಪ್ರಾಂತದ ಚುನಾವಣೆಯಲ್ಲಿ ಅದನ್ನು ವಿರೋಧಿಸಿದವರ ನಿಲುವು 'ಕಿಂಡರ್ ಸ್ಟಾಟ್ ಇಂಡರ್' ಎಂಬ ಘೋಷಣೆಯಾಗಿ ಹಬ್ಬಿತು. ಕಿಂಡರ್ ಎಂದರೆ ಮಕ್ಕಳು, ಇಂಡರ್ ಎಂದರೆ ಭಾರತೀಯರು. ಹೊರಗಿನ ಭಾರತೀಯರನ್ನು ತರುವ ಬದಲು ನಮ್ಮ ಮಕ್ಕಳಿಗೆ ಕಲಿಸೋಣ ಎಂಬುದು ತಾತ್ಪರ್ಯ. ಈ ಮಾತನ್ನು ಇಂಗ್ಲಿಷಿಗೋ ಕನ್ನಡಕ್ಕೋ ತಂದರೆ ಅದೊಂದು ಸಾಧಾರಣ ರಾಜಕೀಯ ವಾದ. ಜರ್ಮನ್ನಿನಲ್ಲಿ ಅದಕ್ಕೆ ಬಲ ಬಂದುದು ಪ್ರಾಸದಿಂದ. ಪ್ರಾಸವು ಭಕ್ತಿಗೆ ಒದಗುವಂತೆ ದ್ವೇಷಕ್ಕೂ ಒದಗುತ್ತದೆ. ನಗರದ ಭಾಷೆಯನ್ನು ಅರಿಯದವನಿಗೆ ತನ್ನನ್ನು ಕುರಿತು ಆಡುವ ಮಾತಿನ ಕೊಂಕೂ ಕೇಳಿಸದು, ಅಕ್ಕರೆಯೂ ಕೇಳಿಸದು. ಕಿವಿಯಿಲ್ಲದ ಗದ್ಯಕ್ಕೆ ಉಳಿಯುವುದು ಕಣ್ಣೊಂದೇ. ಆದುದರಿಂದಲೇ ಈ ಬರಹಗಳು ಮತ್ತೆ ಮತ್ತೆ ನೋಟಗಳ ಪಟ್ಟಿಗೆ ಹಿಂದಿರುಗುತ್ತವೆ.

ಈ ಸಂದರ್ಭದಲ್ಲಿ ಎದುರು ದಿಕ್ಕಿನಲ್ಲಿ ಪಯಣಿಸಿದವರೊಬ್ಬರನ್ನು ನೆನೆಯದಿರಲಾಗದು. ಫರ್ಡಿನೆಂಡ್ ಕಿಟ್ಟೆಲರು ೧೮೫೩ರಲ್ಲಿ ಜರ್ಮನಿಯಿಂದ ಕನ್ನಡನಾಡಿಗೆ ಬಂದರು. ಬಂದ ಉದ್ದೇಶ ಮತಪ್ರಚಾರ. ಉಳಿದುದು ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, ಸುಮಾರು ೭೦,೦೦೦ ಪದಗಳ ಕನ್ನಡ ಇಂಗ್ಲಿಷ್ ನಿಘಂಟು. ಪ್ರತಿಯೊಬ್ಬ ಎಂಜಿನಿಯರನೂ ನಿಘಂಟುಕಾರನಾಗಬೇಕೆಂದು ನಾವು ಕೇಳುವುದಿಲ್ಲ. ಮಿಷನ್ನಿನವರಿಗೆ ಇದ್ದ ಬಿಡುವೂ ಬೆಂಬಲವೂ ಇವರಿಗಿಲ್ಲ. ಆದರೆ ಪರನಾಡಿನ ಜನರ ಮಾತಿಗೆ ವರ್ಷಗಟ್ಟಲೆ ಕಿವಿಗೊಟ್ಟವನು ಆ ನಾಡಿಗೆ ಏನು ಕೊಡಬಲ್ಲನೆಂಬುದಕ್ಕೆ ನಮ್ಮ ಮನೆಯ ಕಪಾಟಿನಲ್ಲಿಯೇ ಪ್ರಮಾಣವಿದೆ.

೫

ಇದೆಲ್ಲ ಸಾಹಿತ್ಯದ ಅಚ್ಚುಕಟ್ಟಿನ ಪ್ರಶ್ನೆ ಮಾತ್ರವಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ೨೦೨೪ರ ಜೂನಿನಿಂದ ಜರ್ಮನಿಯ ಹೊಸ ಕಾಯಿದೆಯಂತೆ ಐದು ವರ್ಷ ನೆಲಸಿದವನು, ಇತರ ನಿಬಂಧನೆಗಳನ್ನು ಪೂರೈಸಿದರೆ, ತನ್ನ ಹಳೆಯ ಪೌರತ್ವವನ್ನು ಬಿಡದೆಯೇ ಆ ದೇಶದ ಪೌರನಾಗಬಹುದು. ಆದರೆ ನಮ್ಮ ದೇಶದ ೧೯೫೫ರ ಪೌರತ್ವ ಕಾಯಿದೆ ಇದಕ್ಕೆ ಒಪ್ಪುವುದಿಲ್ಲ. ಬೇರೊಂದು ದೇಶದ ಪೌರತ್ವವನ್ನು ಇಚ್ಛಾಪೂರ್ವಕವಾಗಿ ಪಡೆದವನು ಭಾರತದ ಪೌರನಾಗಿ ಉಳಿಯುವುದಿಲ್ಲ. ಅವನಿಗೆ ಸಾಗರೋತ್ತರ ಭಾರತೀಯನೆಂಬ ಒಂದು ಕಾರ್ಡು ದೊರೆಯಬಹುದು. ಅದನ್ನು ಹಿಡಿದು ಎಷ್ಟು ಸಲವಾದರೂ ಊರಿಗೆ ಬರಬಹುದು, ಮತ ಹಾಕುವಂತಿಲ್ಲ. ತಂದೆಯಿಂದ ಬಂದ ತೋಟವನ್ನು ಪಡೆಯಬಹುದು; ಅದರ ಪಕ್ಕದ ಒಂದೆಕರೆ ಗದ್ದೆಯನ್ನು ಕೊಳ್ಳುವಂತಿಲ್ಲ. ಹೋದವನು ಒಂದಲ್ಲ ಒಂದು ದಿನ ಈ ಕವಲುದಾರಿಯಲ್ಲಿ ನಿಲ್ಲಬೇಕಾಗುತ್ತದೆ. ಒಂದು ಕಡೆ ಅಲ್ಲಿ ಹುಟ್ಟಿದ ಮಕ್ಕಳ ಶಾಲೆ, ಅವರ ಬಾಯಿಯ ಜರ್ಮನ್. ಇನ್ನೊಂದು ಕಡೆ ಒಪ್ಪಿಸಬೇಕಾದ ಹಳೆಯ ಪಾಸ್‌ಪೋರ್ಟು, ದೂರವಾಣಿಯ ಆ ತುದಿಯಲ್ಲಿ ಕಾಯುವ ತಾಯಿತಂದೆಗಳು. ಕೆಲವರು ರುಜು ಹಾಕುತ್ತಾರೆ, ಕೆಲವರು ಮುಂದೂಡುತ್ತಾರೆ, ಕೆಲವರು ಹಿಂದಿರುಗುತ್ತಾರೆ. ಇವರಲ್ಲಿ ಯಾರನ್ನೂ ದೂಷಿಸುವ ಅಧಿಕಾರ ನಮಗಿಲ್ಲ. ಆದರೆ ಒಂದು ರುಜುವಿನ ಹಿಂದೆ ಇಷ್ಟು ದೊಡ್ಡ ಧರ್ಮಸಂಕಟವಿರುವಾಗ ನಮ್ಮ ಗದ್ಯವು ಸೇತುವೆಗಳನ್ನೂ ವಸ್ತುಸಂಗ್ರಹಾಲಯಗಳನ್ನೂ ಎಣಿಸುತ್ತ ಕುಳಿತಿರುವುದು ಔಚಿತ್ಯವಲ್ಲ.

ಬಾಡಿಗೆಯ ಕರಾರು, ನೋಂದಣಿಯ ಚೀಟಿ, ಕಾಯಿದೆಯ ಕಲಮು ಇವೆಲ್ಲ ರಸಕ್ಕೆ ವಿರೋಧಿಗಳಲ್ಲವೇ ಎಂದು ಕೆಲವರು ಕೇಳಬಹುದು. ಶಾಸನಗಳಲ್ಲಿ ಗದ್ದೆಯ ಎಲ್ಲೆಕಟ್ಟನ್ನು ಬರೆದಿರುವ ಸಾಲುಗಳನ್ನು ಓದಿ ಅಂದಿನ ಬಾಳನ್ನು ಮನಸ್ಸಿನಲ್ಲಿ ಕಟ್ಟಿಕೊಂಡವರು ನಾವು. ವಿಭಾವವು ಯಾವುದಾದರೂ ಆಗಬಹುದು. ಅದರಲ್ಲಿ ಮನುಷ್ಯನ ಏರಿಳಿತ ಕಾಣಬೇಕು, ಅಷ್ಟೆ. ಚೀಟಿಯನ್ನು ಹಿಡಿದು ಸರದಿಯಲ್ಲಿ ನಿಂತವನ ಕೈ ನಡುಗಿತೆಂದು ಬರೆದರೆ ಚೀಟಿಯೂ ಕಾವ್ಯದ ಸಾಮಗ್ರಿಯೇ.

ಅಲ್ಲದೆ ಇದರಲ್ಲಿ ಓದುವ ಮನೆಗಳ ಹಿತವೂ ಇದೆ. ಇಲ್ಲಿ ಹಿರಿಯರು ಸಾಲ ಮಾಡಿ ಮಕ್ಕಳನ್ನು ಎಂಜಿನಿಯರಿಂಗಿಗೆ ಸೇರಿಸುತ್ತಾರೆ. ಹೊರನಾಡಿನ ನೌಕರಿಯನ್ನು ಕಣ್ಣ ಮುಂದಿಟ್ಟುಕೊಂಡೇ ಎಷ್ಟೋ ಸಂಬಂಧಗಳು ಕುದುರುತ್ತವೆ. ಆ ಬಾಳಿನ ಚಿತ್ರವನ್ನು ಅವರು ಪಡೆಯುವುದು ಇಂತಹ ಲೇಖನಗಳಿಂದ ಮತ್ತು ಫೋಟೋಗಳಿಂದ. ಚಿತ್ರ ಅರೆಯಾದರೆ ನಿರೀಕ್ಷೆಯೂ ಅರೆಯಾಗುವುದು. ಅದರ ಭಾರವನ್ನು ಹೊರುವವರು ಹೋದ ಮಕ್ಕಳೇ. ಹೊರಡುವ ಹುಡುಗಿಗೆ ಒಲೆಯಿಲ್ಲದ ಮನೆಯ ಸಂಗತಿ ಮೊದಲೇ ತಿಳಿದಿದ್ದರೆ ಅವಳು ಹೆದರುವುದಿಲ್ಲ. ತಿಳಿಯದೆ ಹೋದರೆ ತನಗೊಬ್ಬಳಿಗೇ ಹೀಗಾಯಿತೆಂದು ಕೊರಗುತ್ತಾಳೆ.

ಆದುದರಿಂದ ಹೊರನಾಡಿನ ಲೇಖಕರಲ್ಲಿ ನಮ್ಮ ಬಿನ್ನಹ ಇಷ್ಟೆ. ನಗರವನ್ನು ತೋರಿಸುವ ಹೊಣೆಯಿಂದ ನೀವು ಮುಕ್ತರು. ಅದರ ಚಿತ್ರಗಳು ಈಗ ಎಲ್ಲರ ಕೈಯಲ್ಲಿಯೂ ಇವೆ. ನಿಮ್ಮ ಬೀದಿಯ ರೊಟ್ಟಿಯಂಗಡಿಯವಳು ನಿಮ್ಮ ಹೆಸರನ್ನು ಹೇಗೆ ಉಚ್ಚರಿಸುತ್ತಾಳೆ, ನಿಮ್ಮ ಮಗು ಯಾವ ಭಾಷೆಯಲ್ಲಿ ಅಳುತ್ತದೆ, ಕೆಲಸದಲ್ಲಿ ನೀವು ತಿದ್ದಿದ ತಪ್ಪು ಎಂತಹದು, ಪೌರಕಚೇರಿಯಲ್ಲಿ ನಿಮಗೆ ತಿಳಿಯದೆ ಹೋದ ಪದ ಯಾವುದು, ಇವನ್ನು ಬರೆಯಿರಿ. ಪತ್ರಿಕೆಗಳ ಸಂಪಾದಕರೂ ಅವರಿಂದ ಪ್ರವಾಸಲೇಖನವನ್ನು ಕೇಳುವುದನ್ನು ಬಿಟ್ಟು, ಒಂದು ತಿಂಗಳ ದಿನಚರಿಯನ್ನು ಕೇಳುವುದು ಒಳ್ಳೆಯದು. ಕನ್ನಡ ಗದ್ಯ ಪರದೇಶವನ್ನು ನೋಡುವುದನ್ನು ಎಂದೋ ಕಲಿತಿದೆ. ಅಲ್ಲಿ ವಾಸಿಸುವುದನ್ನು ಕಲಿಯಲು ಬೇಕಾದ ಜನರು ಈಗ ಅಲ್ಲಿಯೇ ಇದ್ದಾರೆ.